ಕೋಟಿನ ಎರಡನೇ ಗುಂಡಿ

ನಗು ಅಂಥ ದೊಡ್ಡದೇನೂ ಆಗಿರಲಿಲ್ಲ. ರಂಗದ ಮೇಲೆ ಕುರ್ಚಿ ಎಳೆದುಕೊಂಡು ಕೂತಿದ್ದ ನಾಟಕದವರು, ಭಾನುವಾರ ಬೆಳಿಗ್ಗೆಯೂ ನೆಮ್ಮದಿಯಾಗಿ ಮಲಗಲು ಬಿಡಲಿಲ್ಲವಲ್ಲ ಎಂದು ಮುಖ ಊದಿಸಿಕೊಂಡಿದ್ದವರು, ಹಿರಿಯ ನಟ ಏನೋ ತಮಾಷೆ ಮಾಡಿದನಲ್ಲ ಎಂದು ಮರ್ಯಾದೆಗೆ ನಕ್ಕಿದ್ದರು, ಅಷ್ಟೆ. ಆಮೇಲೆ ಎಲ್ಲರೂ ಕಾಫಿಗೆಂದು ಎದ್ದು ಹೋದರು. ಆದರೆ ಪ್ರಾಂಪ್ಟರನಿಗೆ ಆ ನಗು, ಕ್ಷೌರ ಮಾಡಿಸಿಕೊಂಡು ಬಂದ ಮೇಲೆ ಕಾಲರಿನೊಳಗೆ ಉಳಿದ ಕೂದಲಿನ ಹಾಗೆ, ಕತ್ತು ತಿರುಗಿಸಿದಾಗಲೆಲ್ಲ ಚುಚ್ಚುತ್ತಿತ್ತು. ನಿರ್ದೇಶಕ ಅಂದದ್ದು ಇಷ್ಟೇ: ಸೈಡ್ ವಿಂಗಿನಿಂದ ಮಾತು ಹೇಳಿಕೊಡುವ ದನಿ ಮುಂದಿನ ಸಾಲುಗಳಿಗೆಲ್ಲ ಕೇಳಿಸುತ್ತಿದೆ, ಸ್ವಲ್ಪ ತಗ್ಗಿಸಿದರೆ ಒಳ್ಳೆಯದು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆ ಕಂಪನಿಯಲ್ಲಿ ಕತ್ತಲಲ್ಲಿ ಕೂತು ಪಿಸುಗುಡುವವನು ಅವನೊಬ್ಬನೇ. ಹುಡುಗಿಯರು ಅವನನ್ನು ಪಿಸುಮಾಮ ಎಂದೇ ಕರೆಯುತ್ತಿದ್ದರು. ಅವನು ಬಾಯಿ ತೆರೆದಿದ್ದ, ಇತ್ತೀಚೆಗೆ ಒಂದು ಸಲ ಹೇಳಿದರೆ ಇವರಿಗೆ ಹಿಡಿಯುವುದಿಲ್ಲ, ಎರಡನೇ ಸಲ ದನಿ ಏರಿಸಲೇಬೇಕಾಗುತ್ತೆ ಎಂದು ಹೇಳಲು. ಅಷ್ಟರಲ್ಲಿ ಆ 'ಇವರು', ಅಂದರೆ ಅವನ ಅಕ್ಕನ ಗಂಡ, ಕಾಲು ಚಾಚಿಕೊಂಡು ಕೂತಲ್ಲಿಂದಲೇ, "ನಮ್ಮ ಭಾಮೈದನ ಗಂಟಲು ಬಲು ದೊಡ್ಡದು ಕಣ್ರೀ. ಪಾತ್ರ ಚಿಕ್ಕದು ಅಷ್ಟೆ. ಅಯ್ಯೋ, ಎಲ್ಲಿ, ಪಾತ್ರವೇ ಇಲ್ಲವಲ್ಲ!" ಅಂದ. ಹೊಸದಾಗಿ ಸೇರಿದ ಹುಡುಗಿ, ನಾಟಕದಲ್ಲಿ ಭಾವನ ಮಗಳಾಗುವವಳು, ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮಿಕ್ಕವರೆಲ್ಲ ನಕ್ಕದ್ದು ಒಂದು ತೂಕ, ಅವಳು ಬಾಯಿ ಮುಚ್ಚಿಕೊಂಡು ನಕ್ಕದ್ದೇ ಒಂದು ತೂಕ. ಪಾಪ, ಇವನಿಗೆ ನೋವಾಗಬಾರದು ಎಂದು ಮುಚ್ಚಿಕೊಂಡಿದ್ದಳು.

ಕುರ್ಚಿಗಳನ್ನು ಗೋಡೆಗೆ ಜೋಡಿಸುವಾಗ ಅವನಿಗೆ ಒಂದೊಂದಾಗಿ ಉತ್ತರಗಳು ಹೊಳೆಯತೊಡಗಿದವು. ನಿಮ್ಮ ಪಾತ್ರ ಎಷ್ಟು ದೊಡ್ಡದೋ ಅದರಲ್ಲಿ ಅರ್ಧ ನನ್ನ ಗಂಟಲೇ ಅಲ್ಲವೇ ಭಾವ, ಎನ್ನಬಹುದಾಗಿತ್ತು. ನಗುನಗುತ್ತಲೇ ಎನ್ನಬಹುದಾಗಿತ್ತು. ಆಗ ಹುಡುಗಿ ಬಾಯಿ ಮುಚ್ಚಿಕೊಳ್ಳದೆ ನಗುತ್ತಿದ್ದಳು. ಇಡೀ ಜೀವಮಾನ ಬೇರೆಯವರ ಮಾತನ್ನು ಸರಿಯಾದ ಹೊತ್ತಿಗೆ ಹೇಳಿಕೊಟ್ಟವನಿಗೆ ತನ್ನ ಮಾತು ಮಾತ್ರ ಯಾವಾಗಲೂ ಕುರ್ಚಿ ಜೋಡಿಸುವಾಗಲೇ ಬರುತ್ತಿತ್ತು. ಹಾಳಾಗಿ ಹೋಗಲಿ ಎಂದು ಒಂದು ಕುರ್ಚಿಯನ್ನು ಇನ್ನೊಂದರ ಮೇಲೆ ಕುಕ್ಕಿದ. ಕಾಫಿಗೆ ಮುಂಚೆ ನಿರ್ದೇಶಕ ಒಂದು ಚಿಕ್ಕ ಭಾಷಣವನ್ನೂ ಬಿಗಿದಿದ್ದ. ದುರಂತ ನಾಟಕ ಅಂದರೆ ದೊಡ್ಡ ಪಾಪಿಯ ಕಥೆಯಲ್ಲವಂತೆ. ಚೆನ್ನಾಗಿಯೇ ಇರುವ ಒಬ್ಬ ಮನುಷ್ಯನ ಸ್ವಭಾವದಲ್ಲಿ ಎಲ್ಲೋ ಒಂದು ಸಣ್ಣ ಬಿರುಕು ಇರುತ್ತದಂತೆ, ಆತುರದ ಒಂದು ಗಳಿಗೆ ಬಂದು ಆ ಬಿರುಕಿನ ಮೇಲೆ ಕಾಲಿಡುತ್ತದಂತೆ. ಓದಿಕೊಂಡು ಬಂದವನು, ಹೇಳಲಿ. ಪ್ರಾಂಪ್ಟರನಿಗೆ ಈ ನಾಟಕದಲ್ಲಿ ಭಾವ ಆಡುತ್ತಿದ್ದ ಮನೆಯ ಯಜಮಾನನ ಮೇಲೆ ಇದ್ದದ್ದು ಬರೀ ಸಿಟ್ಟು. ಊಟದ ಮೇಜಿನಲ್ಲಿ ಒಡಹುಟ್ಟಿದ ತಮ್ಮ ಎದುರುತ್ತರ ಕೊಟ್ಟ ಎಂದು ಯಜಮಾನ ಅವನನ್ನು ಕೊರೆಯುವ ಚಳಿಯಲ್ಲಿ ಹೊರಗೆ ತಳ್ಳಿ ಬಾಗಿಲು ಹಾಕಿಸುತ್ತಾನೆ. ತಮ್ಮ ಹೊರಗಿನಿಂದ ಬಡಿಯುತ್ತಾನೆ, ಮಗಳು ಕಾಲು ಹಿಡಿಯುತ್ತಾಳೆ, ಇವನು ಜಗ್ಗುವುದಿಲ್ಲ. ಬಡಿಯುವ ಸದ್ದು ನಿಂತ ಮೇಲೆ, ಕೊನೇ ಅಂಕದಲ್ಲಿ, 'ಬಾಗಿಲು ತೆಗೆಯಿರಿ' ಅನ್ನುತ್ತಾನೆ. ಅಷ್ಟು ಹೊತ್ತಿಗೆ ಹೊರಗೆ ಹೆಣ. ಅಲ್ಲಯ್ಯಾ, ಎರಡು ಶಬ್ದ, ಮೊದಲೇ ಅಂದಿದ್ದರೆ ಗಂಟೇನು ಹೋಗುತ್ತಿತ್ತು? ಅಂದಿದ್ದರೆ ನಾಟಕವೇ ಇರುತ್ತಿರಲಿಲ್ಲ ನಿಜ. ಆದರೂ ಪ್ರತಿ ಆಟದಲ್ಲೂ ಸ್ಟೂಲಿನ ಮೇಲೆ ಕೂತು ಅವನು ಆ ಯಜಮಾನನನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದ.

ಮಧ್ಯಾಹ್ನದ ಆಟಕ್ಕೆ ಇನ್ನೂ ಹೊತ್ತಿತ್ತು. ಮೇಕಪ್ ಕೋಣೆಯಿಂದ ಭಾವನ ದನಿ ಕೇಳಿಸಿತು, ಟೀ ಬೇಕಂತೆ. ತರುವವರು ಬೇರೆ ಯಾರೂ ಇರಲಿಲ್ಲವೆಂದಲ್ಲ. ಆದರೆ ಭಾವನಿಗೆ ಟೀ ತರುವವನು ತಾನು ಎಂಬುದು ಯಾವತ್ತು ನಿಶ್ಚಯವಾಯಿತೋ ಅವನಿಗೇ ನೆನಪಿರಲಿಲ್ಲ, ತಾನು ಅವರ ಮನೆಯ ಹಿಂದಿನ ಕೋಣೆಯಲ್ಲೇ ಉಳಿದುಬಿಡುವವನು ಎಂಬುದು ಯಾವತ್ತು ನಿಶ್ಚಯವಾಯಿತೆಂದು ನೆನಪಿಲ್ಲದ ಹಾಗೆ. ಅಕ್ಕ ಮದುವೆಯಾಗಿ ಹೋಗುವಾಗ ಅವಳ ಸೆರಗು ಹಿಡಿದುಕೊಂಡೇ ಹೋದ ತಮ್ಮ ಅವನು. ಗಾಜಿನ ಲೋಟ ಹಿಡಿದು ಒಳಗೆ ಹೋದಾಗ ಭಾವ ಕನ್ನಡಿಯ ಮುಂದೆ ಕೂತಿದ್ದ. ಒಂದು ಹುಬ್ಬು ಬರೆದಾಗಿತ್ತು, ಇನ್ನೊಂದು ಬರೆದಿರಲಿಲ್ಲ. ಪೆನ್ಸಿಲ್ಲು ನೆಲದ ಮೇಲೆ ಬಿದ್ದಿತ್ತು. ಅದನ್ನು ಎತ್ತಿಕೊಡಬೇಕೆಂದು ಅನ್ನಿಸಿತು, ಬೇಕಿದ್ದರೆ ಕೇಳಲಿ ಎಂದು ಸುಮ್ಮನಾದ. ಭಾವ ಬಲಗೈ ಚಾಚಿ ಲೋಟ ತೆಗೆದುಕೊಂಡ, ತೆಗೆದುಕೊಂಡ ಹಾಗೆ ಮಾಡಿದ, ಬೆರಳು ಲೋಟದ ಸುತ್ತ ಇದ್ದವು, ಆದರೂ ಲೋಟ ಜಾರಿ ಬಿದ್ದು ಚೂರಾಯಿತು. ಟೀ ಭಾವನ ಪ್ಯಾಂಟಿನ ಮೇಲೆ, ಇವನ ಚಪ್ಪಲಿಯ ಮೇಲೆ. ಒಂದು ಕ್ಷಣ ಇಬ್ಬರೂ ಆ ಕೈಯನ್ನು ನೋಡಿದರು. ಅದು ಗಾಳಿಯಲ್ಲಿ ಹಾಗೆಯೇ ಇತ್ತು, ಇನ್ನೂ ಲೋಟ ಹಿಡಿದುಕೊಂಡಿರುವ ಹಾಗೆ. ಕನ್ನಡಿಯಲ್ಲಿ ಭಾವನ ಬಾಯಿಯ ಬಲಗಡೆ ಸ್ವಲ್ಪ ಕೆಳಗೆ ಇಳಿದಿತ್ತು. ಹುಬ್ಬು ಒಂದೇ ಇದ್ದದ್ದರಿಂದ ಮುಖವೇ ಓರೆಯಾಗಿ ಕಾಣುತ್ತಿದೆಯೇನೋ ಎಂದುಕೊಂಡ. "ಕೈಗೆ ಎಣ್ಣೆ ಹಚ್ಕೊಂಡು ಬಂದ್ಯೇನೋ?" ಎಂದ ಭಾವ. ಎಣ್ಣೆಯ 'ಣ್ಣೆ' ದಪ್ಪಗೆ, ಬಾಯಲ್ಲಿ ತುತ್ತು ಇಟ್ಟುಕೊಂಡು ಹೇಳಿದ ಹಾಗೆ ಬಂತು. ಪ್ರಾಂಪ್ಟರ್ ಅದನ್ನು ಕೇಳಿಸಿಕೊಂಡ. ಉಚ್ಚಾರ ಎಲ್ಲಿ ಜಾರಿದರೂ ಕೇಳಿಸಿಕೊಳ್ಳುವ ಕಿವಿ ಅವನದು. ಆದರೆ ಅದರ ಜೊತೆಗೇ ಬೈಗುಳವೂ ಕೇಳಿಸಿತ್ತಲ್ಲ, ಅದೇ ಮೊದಲು ಒಳಗೆ ಹೋಯಿತು. ಅವರ ಕೈ ಜಾರಿದ್ದಕ್ಕೂ ಬೈಸಿಕೊಳ್ಳುವವನು ನಾನೇ ಎಂದುಕೊಂಡು, ಬಗ್ಗಿ, ಚೂರುಗಳನ್ನು ಆರಿಸಿದ.

ಅಕ್ಕನ ಫೋನು ಬಂದಾಗ ಅವನು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ನಿಂತು ಆ ಚೂರುಗಳನ್ನು ಕಸದ ಡಬ್ಬಿಗೆ ಹಾಕುತ್ತಿದ್ದ. ಎದುರಿನ ಓಣಿಯಲ್ಲಿ ಯಾರೋ ಬಕೆಟ್ಟು ಇಟ್ಟುಕೊಂಡು ಕಾರು ತೊಳೆಯುತ್ತಿದ್ದರು. ಸೋಪಿನ ನೀರು ಮೆಟ್ಟಿಲ ತನಕ ಹರಿದು ಬಂದಿತ್ತು. ಅಕ್ಕ ಎಂದಿನ ಹಾಗೆ ಊಟವಾಯಿತೇ ಎಂದು ಕೇಳಲಿಲ್ಲ. "ಪುಟ್ಟಾ, ಬೆಳಿಗ್ಗೆ ಅವರಿಗೆ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗ್ಲಿಲ್ಲ ಕಣೋ. ನಾನೇ ಹಾಕಿದೆ. ಮಾತೂ ಸ್ವಲ್ಪ ತೊದಲಿದ ಹಾಗಾಯ್ತು. ಡಾಕ್ಟರ ಹತ್ರ ಹೋಗೋಣ ಅಂದ್ರೆ ಗದರಿದ್ರು. ಯಾರಿಗೂ ಹೇಳಬೇಡ ಅಂತ ಆಣೆ ಬೇರೆ ಹಾಕಿಸ್ಕೊಂಡ್ರು. ನನಗೆ ಕೈಕಾಲೇ ಆಡ್ತಿಲ್ಲ. ನಿನ್ನ ಕಣ್ಣಿಗೇನಾದ್ರೂ ಬಿತ್ತಾ ಹೇಳು. ಒಂದು ಮಾತು ಹೇಳು ಸಾಕು, ಈಗಲೇ ಬಂದು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಆಟ ನಿಂತ್ರೆ ನಿಲ್ಲಲಿ."

ಅವನ ಕೈಯಲ್ಲಿ ಲೋಟದ ತಳ ಇತ್ತು, ದುಂಡಗೆ, ಒಡೆಯದೆ. ಹೇಳಲು ಎಲ್ಲವೂ ಇತ್ತು: ಲೋಟ, ಬಾಯಿ, ಪೆನ್ಸಿಲ್ಲು, ಎಣ್ಣೆಯ 'ಣ್ಣೆ'. ಆದರೆ ಅಕ್ಕನ ದನಿಯಲ್ಲಿದ್ದ ನಡುಕ ಅವನನ್ನು ಬೇರೆಲ್ಲೋ ಮುಟ್ಟಿತು. ಇಷ್ಟು ವರ್ಷ ಭಾವನ ಮಾತು ಕೇಳಿಸಿಕೊಂಡು ಅವನು ಮನೆಗೆ ಬಂದಾಗ, ಊಟಕ್ಕೆ ಕೂತು ಅನ್ನವನ್ನು ಸುಮ್ಮನೆ ಕೆದಕುವಾಗ, ಈ ನಡುಕ ಎಲ್ಲಿತ್ತು? ಅವರ ಬಾಯಿ ಹಾಗೆ, ಮನಸ್ಸು ಒಳ್ಳೇದು ಕಣೋ, ಅನ್ನುತ್ತಿದ್ದಳು. ಅವಳು ಹೆತ್ತ ತಾಯಿಗಿಂತ ಹೆಚ್ಚಾಗಿ ಸಾಕಿದವಳು ನಿಜ, ಆದರೆ ಒಂದು ದಿನ, ಒಂದೇ ಒಂದು ದಿನ, ಯಾಕ್ರೀ ನನ್ನ ತಮ್ಮನಿಗೆ ಹಾಗಂತೀರಿ ಎಂದು ಗಂಡನನ್ನು ಕೇಳಿದ್ದಳೇ? ಬಾಯಿಂದ ಮಾತು ಹೊರಟೇ ಹೋಯಿತು. "ಅವರಿಗೇನಾಗಿದೆ ಧಾಡಿ? ಗುಂಡುಕಲ್ಲಿನ ಹಾಗಿದ್ದಾರೆ. ಎಲ್ಲರ ಮುಂದೆ ನನ್ನ ಮಾನ ಕಳೆಯೋಷ್ಟು ಗಟ್ಟಿಯಾಗಿದ್ದಾರೆ." ಆ ಕಡೆಯಿಂದ ಒಂದು ನಿಟ್ಟುಸಿರು ಬಂತು, ಹಗುರಾದ ನಿಟ್ಟುಸಿರು. "ಮತ್ತೆ ಶುರುವಾಯ್ತಾ ನಿಮ್ಮಿಬ್ಬರದು," ಎಂದಳು ಅಕ್ಕ, ಹೆಚ್ಚುಕಡಿಮೆ ನಗುತ್ತ. "ಸದ್ಯ. ಜಗಳ ಆಡ್ತಿದ್ದಾರೆ ಅಂದ್ರೆ ಚೆನ್ನಾಗೇ ಇದ್ದಾರೆ ಬಿಡು. ನಾನೇ ಸುಮ್ಮನೆ ಗಾಬರಿ ಬಿದ್ದೆ." ಫೋನು ಇಟ್ಟಳು. ಅವನು ಲೋಟದ ತಳವನ್ನೂ ಡಬ್ಬಿಗೆ ಹಾಕಿದ. ತಿರುಗಿ ಮಾಡಬೇಕು ಅನ್ನಿಸಿತು, ಖಂಡಿತ ಅನ್ನಿಸಿತು. ಆದರೆ ಮಾಡಿ ಏನನ್ನಬೇಕು, ಈಗ ಅಂದದ್ದು ಸುಳ್ಳು ಅನ್ನಬೇಕೇ? ಮೊದಲ ಅಂಕದ ಮೇಜು-ಕುರ್ಚಿ ಇನ್ನೂ ಇಟ್ಟಿರಲಿಲ್ಲ. ಆಟ ಮುಗಿಯಲಿ, ಸಂಜೆ ನಾನೇ ಕರೆದುಕೊಂಡು ಹೋಗುತ್ತೇನೆ, ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋದ. ಹಾಗೆ ಹೇಳಿಕೊಂಡದ್ದರಿಂದ ಮನಸ್ಸು ಎಷ್ಟು ನಿರಾಳವಾಯಿತೆಂದರೆ, ಆಗಲೇ ಕರೆದುಕೊಂಡು ಹೋಗಿ ಬಂದಷ್ಟು ನಿರಾಳವಾಯಿತು.

ಮೊದಲ ಎರಡು ಅಂಕ ಹೇಗೋ ದಾಟಿದವು. ಅವನ ಸ್ಟೂಲು ಎಡಗಡೆಯ ವಿಂಗಿನಲ್ಲಿ, ಪರದೆಯ ಹಗ್ಗಗಳ ಪಕ್ಕ. ಅಲ್ಲಿಂದ ಭಾವನ ಎದೆಯೂ ಕೈಯೂ ಮುಖದ ಅರ್ಧವೂ ಕಾಣಿಸುತ್ತಿದ್ದವು. ಅವನು ನೋಡಬೇಕಾದದ್ದು ಮುಖವನ್ನಲ್ಲ, ಕೋಟಿನ ಎರಡನೇ ಗುಂಡಿಯನ್ನು. ಅದು ಹಳೆಯ ಕಟ್ಟಳೆ. ಬಹಳ ಹಿಂದೆ, ಇಬ್ಬರ ಕೂದಲೂ ಕಪ್ಪಗಿದ್ದಾಗ, ಭಾವ ಮಾತಿನ ನಡುವೆ ಬೇಕೆಂದೇ ಒಂದು ಮೌನ ಇಟ್ಟುಕೊಂಡಿದ್ದ. ಭಾವ ಮರೆತಿದ್ದಾನೆಂದು ಇವನು ಗಾಬರಿಯಿಂದ ಮುಂದಿನ ಮಾತು ಹೇಳಿಕೊಟ್ಟಿದ್ದ. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಂಕದ ಪರದೆ ಬಿದ್ದ ಕೂಡಲೇ ಭಾವ ವಿಂಗಿಗೆ ಬಂದು, ದೀಪದವರು, ಬಣ್ಣದವರು, ಬಡಗಿಗಳು ಎಲ್ಲರ ಎದುರು, ಕೆನ್ನೆಗೆ ಬಾರಿಸಿದ್ದ. "ಮೌನ ನನ್ನದು. ಗುಂಡಿ ಮುಟ್ಟಿದರೆ ಕೊಡು. ಮುಟ್ಟದಿದ್ದರೆ ಸತ್ತರೂ ಬಾಯಿ ಬಿಡಬೇಡ," ಅಂದಿದ್ದ. ಅಂದಿನಿಂದ ಭಾವನಿಗೆ ಮಾತು ಬೇಕಾದಾಗ ಬಲಗೈ ಎದೆಯ ಮೇಲೆ ಬಂದು ಎರಡನೇ ಗುಂಡಿಯನ್ನು ಹೀಗೆ ಸವರುತ್ತಿತ್ತು. ಸಭಿಕರಿಗೆ ಅದು ಅಭಿನಯ. ಭಾವ ಹಾಗೆ ಗುಂಡಿ ಸವರುವುದನ್ನು ಅನುಕರಿಸುವ ಹುಡುಗರೂ ಇದ್ದರು. ಆ ಕಾಲದಲ್ಲಿ ಒಂದು ಆಟಕ್ಕೆ ಒಮ್ಮೆಯೋ ಎರಡು ಸಲವೋ. ಈಚೆಗೆ ಕೈ ಎದೆಯಿಂದ ಇಳಿಯುವುದೇ ಅಪರೂಪವಾಗಿತ್ತು. ಇವತ್ತು ಎರಡನೇ ಅಂಕದಲ್ಲಿ ಆ ಕೈ ಅರ್ಧಕ್ಕೆ ಬಂದು, ದಾರಿ ತಪ್ಪಿದವರ ಹಾಗೆ ಹೊಟ್ಟೆಯ ಹತ್ತಿರ ನಿಂತು, ಮತ್ತೆ ಕೆಳಗೆ ಬಿತ್ತು. ಇದು ಮುಟ್ಟಿದ್ದೋ ಮುಟ್ಟಲಿಲ್ಲವೋ ಎಂದು ಇವನು ಅನುಮಾನಿಸುವಷ್ಟರಲ್ಲಿ ಹುಡುಗಿ ಜಾಣತನದಿಂದ ತನ್ನ ಮಾತನ್ನು ಮೊದಲು ಹೇಳಿ ತೇಪೆ ಹಾಕಿದಳು.

ಕೊನೇ ಅಂಕಕ್ಕೆ ಮುಂಚೆ ಪರದೆಯ ಹಿಂದೆ ದೀಪ ಬದಲಾಯಿಸುತ್ತಿದ್ದಾಗ ಭಾವ ಅವನ ಸ್ಟೂಲಿನ ಹತ್ತಿರ ಬಂದು ನಿಂತ. ಹಾಗೆ ಬರುವ ವಾಡಿಕೆಯೇ ಇರಲಿಲ್ಲ. ಬಣ್ಣದ ಕೆಳಗೆ ಬೆವರು ಹೊಳೆಯುತ್ತಿತ್ತು. ಒಂದು ಕಾಲಿನ ಮೇಲೆ ಭಾರ ಬಿಟ್ಟು, ಹಗ್ಗ ಹಿಡಿದುಕೊಂಡಿದ್ದ. "ಭಾಮೈದರೇ," ಎಂದ, ತಮಾಷೆಗೆ ಮಾತ್ರ ಬಳಸುವ ಬಹುವಚನದಲ್ಲಿ, "ಇವತ್ತು ನಿಮ್ಮ ದಿನ. ಈ ಅಂಕ ಪೂರ್ತಿ ನೀವೇ ಆಡಿಬಿಡಿ. ಒಂದೊಂದು ಮಾತೂ ಹೇಳ್ತಾ ಹೋಗಿ, ನಾನು ಬಾಯಿ ಆಡಿಸ್ತೀನಿ." ಹತ್ತಿರದಲ್ಲಿದ್ದ ದೀಪದವನು ಹಲ್ಲು ಬಿಟ್ಟ. ಬೆಳಿಗ್ಗೆ ಕಾಲರಿನೊಳಗೆ ಬಿದ್ದ ಕೂದಲು ಮತ್ತೆ ಚುಚ್ಚಿತು. ಪಾತ್ರವೇ ಇಲ್ಲ ಎಂದದ್ದು ಸಾಲದೆಂದು ಈಗ ಪಾತ್ರ ದಾನ ಮಾಡಲು ಬಂದಿದ್ದಾನೆ. ಆದರೆ ಭಾವನ ಕಣ್ಣು ನಗುತ್ತಿರಲಿಲ್ಲ, ಅದನ್ನೂ ಅವನು ಕಂಡ. ಕಂಡೂ, ಕಣ್ಣಿಗಿಂತ ಮಾತನ್ನೇ ನಂಬುವುದು ತನ್ನ ಕೆಲಸವೆಂಬ ಹಾಗೆ, ಪುಟ ತಿರುಗಿಸುತ್ತ, "ಗುಂಡಿ ಮುಟ್ಟಿ, ಕೊಡ್ತೀನಿ. ನಿಮ್ಮದೇ ಅಲ್ವಾ ಕಟ್ಟಳೆ," ಅಂದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಉತ್ತರ ಸರಿಯಾದ ಹೊತ್ತಿಗೆ ಬಂದಿತ್ತು. ಭಾವ ತನ್ನ ಬಲಗೈಯನ್ನು ನೋಡಿಕೊಂಡ, ಯಾರದೋ ಕೈಯನ್ನು ನೋಡಿದ ಹಾಗೆ. "ಹೌದಲ್ಲ," ಎಂದ. "ನನ್ನದೇ." ಇನ್ನೇನೋ ಹೇಳಲಿದ್ದವನ ಹಾಗೆ ಅರೆಗಳಿಗೆ ನಿಂತ. ಕೈ ಆಡ್ತಿಲ್ಲ ಕಣೋ, ಹೆದರಿಕೆ ಆಗ್ತಿದೆ, ಎಂದು ಅಂದುಬಿಟ್ಟಿದ್ದರೆ! ಅಂದಿದ್ದರೆ ಇವನು ಸ್ಟೂಲು ಒದ್ದು ಎದ್ದು ಭುಜ ಹಿಡಿಯುತ್ತಿದ್ದ, ಪರದೆ ಎಳೆಸುತ್ತಿದ್ದ. ಆಮೇಲಿನ ದಿನಗಳಲ್ಲಿ ಅವನು ಇದನ್ನು ಎಷ್ಟು ಸಲ ತನಗೇ ಹೇಳಿಕೊಂಡನೋ ಲೆಕ್ಕವಿಲ್ಲ. ಆದರೆ ಹಾಗೆ ಅನ್ನುವ ಬಾಯಿ ಅದಲ್ಲ. ಗಂಟೆ ಹೊಡೆಯಿತು. ಭಾವ ಹಗ್ಗ ಬಿಟ್ಟು, ಕಾಲು ಎಳೆದುಕೊಂಡು ಬೆಳಕಿಗೆ ಹೋದ.

ಆ ಅಂಕದಲ್ಲಿ ಮಾತು ಕಡಿಮೆ. ಯಜಮಾನ ಕುರ್ಚಿಯ ಪಕ್ಕ ನಿಂತಿದ್ದಾನೆ. ಹೊರಗೆ ಬಾಗಿಲು ಬಡಿಯುವ ಸದ್ದು, ಮೆಲ್ಲಗಾಗುತ್ತ ಆಗುತ್ತ ನಿಲ್ಲುತ್ತದೆ. ಮಗಳು ತಲೆಯೆತ್ತಿ ಅಪ್ಪನ ಮುಖ ನೋಡುತ್ತಾಳೆ. ಬಾಗಿಲ ಪಕ್ಕ ನಿಂತ ಆಳು ಅಪ್ಪಣೆಗೆ ಕಾಯುತ್ತಾನೆ. ಇಲ್ಲಿ ಭಾವ ಒಂದು ಮೌನ ಇಟ್ಟುಕೊಂಡಿದ್ದ. ಅದರ ಉದ್ದ ಪ್ರಾಂಪ್ಟರನಿಗೆ ತನ್ನ ಉಸಿರಿನಷ್ಟೇ ಗೊತ್ತು. ಸದ್ದು ನಿಂತಿತು, ಹುಡುಗಿ ತಲೆಯೆತ್ತಿದಳು, ಮೌನ ಬಂತು, ತನ್ನ ಎಂದಿನ ಉದ್ದಕ್ಕೆ ಬೆಳೆಯಿತು, ದಾಟಿತು. 'ಬಾಗಿಲು ತೆಗೆಯಿರಿ' ಅವನ ನಾಲಿಗೆಯ ತುದಿಯಲ್ಲಿತ್ತು. ತುಟಿ ಅದಕ್ಕಾಗಿ ಕೂಡಿಕೊಂಡೂ ಇತ್ತು. ಅವನು ಗುಂಡಿಯನ್ನು ನೋಡಿದ. ಗುಂಡಿಯ ಮೇಲೆ ಕೈ ಇರಲಿಲ್ಲ. ಕೈ ಕೆಳಗೆ ತೂಗುತ್ತಿತ್ತು. ಆದರೆ ಭುಜ ಒಮ್ಮೆ ಜಗ್ಗಿತು, ಮತ್ತೊಮ್ಮೆ ಜಗ್ಗಿತು, ಭಾರದ ಬಕೆಟ್ಟು ಎತ್ತಲು ಹೋಗಿ ಆಗದವರ ಭುಜದ ಹಾಗೆ. ಮುಟ್ಟಲಿ, ಎಂದುಕೊಂಡ. ಮುಟ್ಟಲಿ, ಕೊಡುತ್ತೇನೆ. ಎಂದಾದರೊಂದು ದಿನ ಈ ಸಭೆಗೆ ಗೊತ್ತಾಗಲಿ, ಗಂಟಲು ಯಾರದು ಎಂದು. ಕೆನ್ನೆ ಬಿಸಿಯಾಯಿತು, ಅಷ್ಟು ವರ್ಷದ ಹಿಂದಿನ ಹೊಡೆತ ಈಗ ಬಿದ್ದ ಹಾಗೆ. ಒಳಗೆಲ್ಲೋ ಒಂದು ಕೆಟ್ಟ ಸುಖ, ಬಿಸಿನೀರಿಗೆ ಕಾಲಿಟ್ಟಂಥ ಸುಖ, ಮೇಲೇರುತ್ತಿತ್ತು. ಆಗ ಭಾವ ಕತ್ತು ತಿರುಗಿಸಿದ.

ರಂಗದ ಮೇಲಿದ್ದಾಗ ಭಾವ ಒಮ್ಮೆಯೂ ವಿಂಗಿನ ಕಡೆ ನೋಡಿದವನಲ್ಲ. ಮಾತು ಬೇಕಾಗಿದೆ ಎಂದು ಸಭೆಗೆ ಗೊತ್ತಾಗಬಾರದಲ್ಲ. ಈಗ ನೇರವಾಗಿ, ಕತ್ತಲೊಳಗೆ, ಸ್ಟೂಲಿನ ಮೇಲಿದ್ದ ಇವನ ಕಣ್ಣನ್ನೇ ಹುಡುಕಿ ಹಿಡಿದ. ಅದರಲ್ಲಿ ಯಜಮಾನನೂ ಇರಲಿಲ್ಲ, ನಟನೂ ಇರಲಿಲ್ಲ, ಭಾವನೂ ಇರಲಿಲ್ಲ. ಜಾತ್ರೆಯಂಥ ಜನಸಂದಣಿಯಲ್ಲಿ ಕೈಬಿಟ್ಟುಹೋದ ಮಗುವಿನ ಕಣ್ಣು ಅದು. ಪ್ರಾಂಪ್ಟರನಿಗೆ ಗೊತ್ತಾಯಿತು. ಆಮೇಲೆ ಗೊತ್ತಾಗಲಿಲ್ಲ ಎಂದು ಎಷ್ಟು ಹೇಳಿಕೊಂಡರೂ, ಆ ಕ್ಷಣ ಗೊತ್ತಾಗಿತ್ತು. ಗೊತ್ತಾದದ್ದರಿಂದಲೇ ಅವನು ಕಣ್ಣು ಕೆಳಗೆ ಮಾಡಿ ಪುಟ ನೋಡತೊಡಗಿದ. ಬಾಯಿಪಾಠವಿದ್ದ ಪುಟ. ಎದುರಿನ ವಿಂಗಿನಿಂದ ಯಾರೋ ಕೈ ಬೀಸಿದರು, ಕೊಡು ಕೊಡು ಎಂದು. ಬಿಳಿಯ ತೋಳು ಮಾತ್ರ ಕಾಣಿಸಿತು. ಸಭೆಯಲ್ಲಿ ಒಂದು ಕೆಮ್ಮಿಲ್ಲ. ಯಾವಳೋ ಬಿಕ್ಕಿದಳು. ಕೊನೆಗೆ ಆಳಿನ ವೇಷದವನೇ ತಡೆಯಲಾರದೆ, ಅಪ್ಪಣೆಯಿಲ್ಲದೆ, ಬಾಗಿಲು ತೆಗೆದ. ಭಾವ ಕುರ್ಚಿಯಲ್ಲಿ ಕೂರಲು ಹೋಗಿ, ಅದರ ಅಂಚಿಗೆ ಕೂತು, ಮೆಲ್ಲಗೆ ಪಕ್ಕಕ್ಕೆ ಜಾರಿದ. ಪರದೆ ಬಿತ್ತು. ಚಪ್ಪಾಳೆ ಎಂದರೆ ಅದೇನು ಚಪ್ಪಾಳೆ, ನಿಲ್ಲಲೇ ಇಲ್ಲ. ನಿರ್ದೇಶಕ ಓಡಿಬಂದು, ಕಣ್ಣು ಒರೆಸಿಕೊಳ್ಳುತ್ತ, ಇಂಥ ಮೌನವನ್ನು ನಾನು ಜನ್ಮದಲ್ಲಿ ನೋಡಿಲ್ಲ ಎನ್ನುತ್ತಿದ್ದ, ಹುಡುಗಿ ಚೀರುವ ತನಕ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಸರಳವಾದ ಪ್ರಶ್ನೆ. ಬೆಳಿಗ್ಗೆಯಾಗಲಿ ಮಧ್ಯಾಹ್ನವಾಗಲಿ ಏನಾದರೂ ಸೂಚನೆ ಕಂಡಿತ್ತೇ, ಕೈ ಸೋತದ್ದು, ಬಾಯಿ ಓರೆಯಾದದ್ದು? ಇಂಥದ್ದು ಒಮ್ಮೊಮ್ಮೆ ಹೇಳಿ ಬರುತ್ತದೆ. ಹೇಳಿದಾಗಲೇ ಬಂದುಬಿಟ್ಟಿದ್ದರೆ ತಡೆಯಬಹುದಾಗಿತ್ತು, ಎಂದರು. ಬೈಯಲಿಲ್ಲ. ದಿನಕ್ಕೆ ಎಷ್ಟು ಜನರಿಗೆ ಇದನ್ನು ಹೇಳುತ್ತಾರೋ ಏನೋ. ಅಕ್ಕ ಬೆಳಿಗ್ಗೆಯ ಗುಂಡಿಯ ವಿಷಯ ಹೇಳಿ, ನಾನೇ ಪಾಪಿ, ನಾನೇ ಎಳೆದುಕೊಂಡು ಬರಬೇಕಿತ್ತು, ಎಂದು ಹಣೆ ಚಚ್ಚಿಕೊಂಡಳು. ಅವನು ಅವಳ ಕೈ ಹಿಡಿದುಕೊಂಡ. ಹಿಡಿದುಕೊಂಡ, ಅಷ್ಟೆ. ಅವಳು ಚಚ್ಚಿಕೊಳ್ಳುತ್ತಿದ್ದದ್ದು ಬೇರೆ ಯಾರದೋ ಪಾಲಿನ ಪಾಪಕ್ಕೆ ಎಂದು ಹೇಳಲು ಬಾಯಿ ಬರಲಿಲ್ಲ. ಕಂಪನಿಯವರಿಗೆ ಕಟ್ಟಳೆಯ ವಿಷಯ ಗೊತ್ತಿದ್ದರಿಂದ ಯಾರೂ ಅವನನ್ನು ಏನೂ ಅನ್ನಲಿಲ್ಲ. ಗುಂಡಿ ಮುಟ್ಟಲಿಲ್ಲ, ನಾನೇನು ಮಾಡಲಿ, ಎಂದು ಅವನೇ ಎಲ್ಲರಿಗೂ, ಕೇಳಿದವರಿಗೂ ಕೇಳದವರಿಗೂ, ಹೇಳಿಕೊಂಡು ಓಡಾಡಿದ. ಪಾಪ, ನೀವು ಮೌನ ಅಂತಲೇ ಅಂದ್ಕೊಂಡಿರ್ತೀರಿ, ನಾವೂ ಹಾಗೇ ಅಂದ್ಕೊಂಡ್ವಿ, ಎಂದು ಅವರೇ ಸಮಾಧಾನ ಮಾಡಿದರು. ಹುಡುಗಿ ಮಾತ್ರ, ನೋಡಲು ಬಂದವಳು, ಹಾಸಿಗೆಯ ಆ ಕಡೆ ನಿಂತು ಅವನನ್ನೇ ಸ್ವಲ್ಪ ಹೊತ್ತು ನೋಡಿ ಹೋದಳು. ಅವಳು ಆ ಹೊತ್ತು ರಂಗದ ಮೇಲೆ, ಭಾವನ ಕಣ್ಣು ಎತ್ತ ತಿರುಗಿತು ಎಂಬುದು ಕಾಣುವ ಜಾಗದಲ್ಲಿ ಇದ್ದಳು.

ಭಾವ ಬದುಕಿದ. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಬುದ್ಧಿಗೆ ಏನೂ ಆಗಿಲ್ಲ, ಎಲ್ಲ ಅರ್ಥವಾಗುತ್ತದೆ, ಶಬ್ದ ಮಾತ್ರ ಸಿಗುತ್ತಿಲ್ಲ, ಪಕ್ಕದಲ್ಲಿ ಕೂತು ಒಂದೊಂದೇ ಶಬ್ದ ಹೇಳಿಕೊಡುತ್ತಾ ಇರಬೇಕು ಎಂದರು ಡಾಕ್ಟರು. ಇದನ್ನು ಕೇಳಿ ಅಕ್ಕನ ಮುಖ, ಅಷ್ಟು ದಿನಗಳಲ್ಲಿ ಮೊದಲ ಸಲ, ಬೆಳಗಿತು. "ನೋಡು ಪುಟ್ಟಾ, ಇದು ನಿನ್ನದೇ ಕೆಲಸ," ಎಂದಳು. ಹಾಗಾಗಿ ಅವನು ದಿನವೂ ಹಾಸಿಗೆಯ ಎಡಗಡೆ, ಒಂದು ಸ್ಟೂಲಿನ ಮೇಲೆ, ಕೂರತೊಡಗಿದ. ನೀರು ಎನ್ನುತ್ತಿದ್ದ. ಭಾವನ ತುಟಿ ಓರೆಯಾಗಿ ತೆರೆದು, 'ನೀ' ಎಂಬುದರ ಹತ್ತಿರಕ್ಕೆ ಬಂದು, ಜೊಲ್ಲಿನಲ್ಲಿ ಮುಗಿಯುತ್ತಿತ್ತು. ಅಕ್ಕ ಒರೆಸುತ್ತಿದ್ದಳು. ಅನ್ನ, ಬೆಳಕು, ಕಿಟಕಿ ಎನ್ನುತ್ತಿದ್ದ. 'ಬಾಗಿಲು' ಮಾತ್ರ ಹೇಳಿಕೊಡಲಿಲ್ಲ. ಎದುರಿಗೇ ಇತ್ತು, ಆದರೂ. ಇಷ್ಟು ವರ್ಷ ಬೆನ್ನು ಬಾಗಿಸಿ ಪಿಸುಗುಟ್ಟಿದವನು ಈಗ ಹಗಲು ಬೆಳಕಿನಲ್ಲಿ ಗಟ್ಟಿಯಾಗಿ ಹೇಳಬಹುದಾಗಿತ್ತು, ಹೇಳಿದ್ದನ್ನು ಭಾವ ವಿಧೇಯನಾಗಿ ಅನುಕರಿಸಲು ಹೆಣಗುತ್ತಿದ್ದ. ನರ್ಸು ಒಮ್ಮೆ, ನಿಮ್ಮ ದನಿ ಎಷ್ಟು ಚೆನ್ನಾಗಿದೆ ಎಂದಳು. ಅವನು ಹೊರಗೆ ಹೋಗಿ, ಕಕ್ಕಸಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ಅತ್ತ.

ಒಂದು ಮಧ್ಯಾಹ್ನ ಅಕ್ಕ ಮನೆಯಿಂದ ಭಾವನ ಹಳೆಯ ಅಂಗಿಯೊಂದನ್ನು ತಂದು ತೊಡಿಸಿದ್ದಳು. ಆಸ್ಪತ್ರೆಯ ನಿಲುವಂಗಿಯಲ್ಲಿ ನೋಡಲಾಗುವುದಿಲ್ಲ ಎಂದು. ಒಂದೊಂದೇ ಗುಂಡಿ ಹಾಕಿ, ಕಾಲರು ಸರಿಮಾಡಿ, ತಲೆ ಬಾಚಿ, ಹಾಸಿಗೆಯ ತುದಿಯಲ್ಲಿ ಕೂತಳು. ಕಿಟಕಿಯ ಬಿಸಿಲು ಅವಳ ಕಾಲಿನ ಮೇಲೆ ಬಿದ್ದಿತ್ತು. ಬೆರಳುಗಳಲ್ಲಿ ಇನ್ನೂ ಆ ಗುಂಡಿ ಇದ್ದ ಹಾಗೆ ಅವನ್ನು ಒಂದಕ್ಕೊಂದು ಉಜ್ಜುತ್ತ, ಯಾವ ಆಪಾದನೆಯೂ ಇಲ್ಲದ ದನಿಯಲ್ಲಿ, ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಕೆಳಗಿಡುವವಳ ಹಾಗೆ ಕೇಳಿದಳು: "ಅವತ್ತು ನಾನು ಫೋನ್ ಮಾಡ್ದಾಗ, ನಿನ್ನ ಕಣ್ಣಿಗೆ ನಿಜವಾಗ್ಲೂ ಏನೂ ಬಿದ್ದಿರಲಿಲ್ವೇನೋ? ಬಿದ್ದಿದ್ರೆ ನೀನು ಹೇಳ್ತಿದ್ದೆ ಅಂತ ಗೊತ್ತು. ಸುಮ್ಮನೆ ಕೇಳ್ದೆ. ಮನಸ್ಸು ಕೇಳಲ್ಲ."

"ಇಲ್ಲಕ್ಕಾ," ಎಂದ. ಅವಳು ಮಾತು ಮುಗಿಸುವ ಮೊದಲೇ, ನಡುವೆ ಒಂದು ಉಸಿರಿಗೂ ಜಾಗವಿಲ್ಲದ ಹಾಗೆ. "ಚೆನ್ನಾಗೇ ಇದ್ರು. ಟೀ ಕುಡಿದ್ರು, ತಮಾಷೆ ಮಾಡಿದ್ರು."

ಅಕ್ಕ ತಲೆಯಾಡಿಸಿದಳು. ಆಗ ಹಾಸಿಗೆಯ ಮೇಲೆ ಏನೋ ಅಲುಗಿತು. ಭಾವನ ಎಡಗೈ ಹೊದಿಕೆಯ ಕೆಳಗಿನಿಂದ ಹೊರಗೆ ಬಂದು, ಅಭ್ಯಾಸವಿಲ್ಲದ ದಾರಿಯಲ್ಲಿ ತಡವರಿಸುತ್ತ, ಹೊಟ್ಟೆಯ ಮೇಲೆ, ಎದೆಯ ಮೇಲೆ ಹತ್ತಿ, ಅಕ್ಕ ಆಗಷ್ಟೇ ಹಾಕಿದ್ದ ಎರಡನೇ ಗುಂಡಿಯ ಮೇಲೆ ನಿಂತಿತು. ಬೆರಳು ಅದನ್ನು ಒಂದು ಸಲ ಸವರಿತು. ಕಣ್ಣು ಇವನ ಮೇಲಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಇವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಲೋಟ ಬಿದ್ದಾಗ ಆ ಕೋಣೆಯಲ್ಲಿ ಇದ್ದವರು ಇಬ್ಬರೇ. ಇದಲ್ಲ ಮಾತು, ಸರಿಯಾದ ಮಾತು ಕೊಡು, ಎಂದು ಆ ಕೈ ಕೇಳುತ್ತಿತ್ತು, ಅವನೊಬ್ಬನಿಗೆ ಮಾತ್ರ ಅರ್ಥವಾಗುವ ಹಾಗೆ. ಮಾತು ಅವನಲ್ಲಿತ್ತು. ಮೊದಲಿನಿಂದ ಕೊನೆಯ ತನಕ, ಒಂದು ಅಕ್ಷರ ಜಾರದೆ, ಇತ್ತು.

ಅಕ್ಕನೂ ಆ ಕೈ ಕಂಡಳು. ಎದ್ದು ಹತ್ತಿರ ಬಂದಳು. "ಪುಟ್ಟಾ, ಏನೋ ಕೇಳ್ತಿದ್ದಾರೆ ನೋಡು. ನಿನಗೆ ಗೊತ್ತಾಗುತ್ತೆ ಅವರದು. ಏನಂತೆ, ಹೇಳೋ." ಗಂಡನ ಮುಖವನ್ನೂ ತಮ್ಮನ ಮುಖವನ್ನೂ ಆಸೆಯಿಂದ ನೋಡುತ್ತ ನಿಂತಳು. ಹೊರಗೆ ಯಾರದೋ ಚಪ್ಪಲಿ ಸದ್ದು ಬಂದು, ದೂರವಾಗಿ, ನಿಂತಿತು. ಅವನ ತುಟಿ ತೆರೆದಿತ್ತು. ಅಕ್ಕ ಕಾದಳು. ಭಾವ ಕಾದ.

"ನೀರು ಬೇಕಂತೆ," ಎಂದ ಪ್ರಾಂಪ್ಟರ್.

"ಅಷ್ಟೇನಾ," ಎಂದು ಅಕ್ಕ, ಖಾಲಿಯಾಗಿದ್ದ ಜಗ್ಗು ತೆಗೆದುಕೊಂಡು, ಗುಣವಾಗುತ್ತಿದ್ದಾರೆ ಎಂಬ ಸಂತೋಷದಲ್ಲಿ ಲಗುಬಗೆಯಿಂದ ಹೊರಗೆ ಹೋದಳು. ಅವಳು ತಿರುಗಿ ಬರುವ ತನಕ ಭಾವನ ಕೈ ಗುಂಡಿಯ ಮೇಲೇ ಇತ್ತು.